ಮಾಡು ಹತ್ತುವವರಿಗೂ ಒಂದು ಹಗ್ಗ ಇರಲಿ

ಮೇ ತಿಂಗಳು ಬಂತೆಂದರೆ ಸಕಲೇಶಪುರ, ಆಲೂರು ಕಡೆಯ ಹೆಂಚಿನ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಮಾಡಿನ ಕೆಲಸಕ್ಕೆ ಯಾರಾದ್ರೂ ಸಿಗ್ತಾರಾ?’ ಬಾಳ್ಳುಪೇಟೆಯ ಅಂಗಡಿ ಮುಂದೆ ನಿಂತರೂ ಇದೇ ಮಾತು, ಹಾನುಬಾಳಿನಲ್ಲಿ ಕಾಫಿ ಕುಡಿಯಲು ಕೂತರೂ ಇದೇ ಮಾತು, ಮದುವೆ ಊಟದ ಪಂಕ್ತಿಯಲ್ಲೂ ಇದೇ ಮಾತು. ಮಳೆ ಹಿಡಿಯಲು ಇನ್ನು ಮೂರೋ ನಾಲ್ಕೋ ವಾರ. ಅಷ್ಟರಲ್ಲಿ ಕೋತಿ ಒಡೆದ ಹೆಂಚು ಬದಲಿಸಬೇಕು, ಪಾಚಿ ಕೆರೆಯಬೇಕು, ಕೊಳೆತ ರೀಪು ತೆಗೆದು ಹೊಸದು ಹೊಡೆಯಬೇಕು, ಸೂರಿನ ಹಲಗೆಗೆ ಒಂದು ಕೈ ಎಣ್ಣೆ ಕಾಣಿಸಬೇಕು. ಕೆಲಸದ ಪಟ್ಟಿ ಎಲ್ಲರಿಗೂ ಬಾಯಿಪಾಠ. ಹತ್ತುವವರು ಸಿಗ್ತಾರಾ ಎಂದು ಊರೆಲ್ಲ ವಿಚಾರಿಸುವ ನಾವು, ಹತ್ತಿದವರು ಸುರಕ್ಷಿತವಾಗಿ ಇಳಿಯಲು ಏನು ಏರ್ಪಾಡಿದೆ ಎಂದು ವಿಚಾರಿಸುವುದು ತೀರಾ ಕಡಿಮೆ.

ನಾನು ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನೂರು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ತರಗತಿಯಲ್ಲಿ ಸಿಮೆಂಟು, ಕಬ್ಬಿಣದ ಬಗ್ಗೆ ಕಲಿಯುತ್ತೇನೆ, ರಜೆಗೆ ಊರಿಗೆ ಬಂದರೆ ಕಾಣುವುದೆಲ್ಲ ಮರ. ಹಳೇ ತೊಟ್ಟಿ ಮನೆಯ ಕಂಬ, ತೊಲೆ, ಜಂತೆ. ತೋಟದ ಬಂಗಲೆಯ ವರಾಂಡದ ಕೆತ್ತನೆ ಹಲಗೆ. ಮಹಡಿಯ ಹೊರಚಾಚಿದ ಕಟಕಟೆ. ಕಾಫಿ ಗೋದಾಮಿನ ಎತ್ತರದ ಗವಾಕ್ಷಿ. ಈ ಮರವನ್ನು ಉಳಿಸಿಕೊಳ್ಳಬೇಕೆಂಬ ಆಸೆ ಈಗ ನಮ್ಮ ತಲೆಮಾರಿಗೂ ಬಂದಿದೆ. ರೀಲ್ಸ್ ಪುಣ್ಯವೋ ಹೋಮ್‌ಸ್ಟೇ ಪುಣ್ಯವೋ, ಹಳೇ ಮನೆಗೆ ಮತ್ತೆ ಬೆಲೆ ಬಂದಿರುವುದಂತೂ ನಿಜ. ಆದರೆ ನಡೆಯುವ ಚರ್ಚೆಯೆಲ್ಲ ‘ಏನು ಹಚ್ಚಬೇಕು’ ಎಂಬುದರ ಸುತ್ತಲೇ ಇರುತ್ತದೆ. ಯಾವ ಪಾಲಿಶ್, ಯಾವ ಕಂಪನಿ, ಎಷ್ಟು ಕೋಟು ಎಂಬುದಷ್ಟೇ ಮಾತು. ನನ್ನ ಅಭಿಪ್ರಾಯ ಇಷ್ಟೇ: ಏನು ಹಚ್ಚಬೇಕು ಎನ್ನುವುದಕ್ಕೆ ಮೊದಲು, ಆ ಜಾಗಕ್ಕೆ ಒಬ್ಬ ಮನುಷ್ಯ ಜೀವ ಕೈಯಲ್ಲಿ ಹಿಡಿಯದೆ ಹೇಗೆ ತಲುಪಬೇಕು ಎನ್ನುವುದನ್ನು ತೀರ್ಮಾನಿಸಬೇಕು. ಅದಕ್ಕೆ ಉತ್ತರ ಇಲ್ಲದಿದ್ದರೆ ಮರವೂ ಉಳಿಯುವುದಿಲ್ಲ, ಆ ಕೆಲಸ ಬಲ್ಲವರೂ ಉಳಿಯುವುದಿಲ್ಲ.

ಒಂದು ಹಳೇ ಮನೆಯಲ್ಲಿ ಮರ ಮೊದಲು ಕೊಳೆಯುವುದು ಎಲ್ಲಿ ಎಂದು ನೋಡಿದರೆ ವಿಷಯ ಅರ್ಥವಾಗುತ್ತದೆ. ಜಗಲಿಯ ಕಂಬ ನೂರು ವರ್ಷದಿಂದ ಹಾಗೇ ಇರುತ್ತದೆ. ಕೈಗೆ ಸಿಗುವ ಜಾಗ, ದಿನಾ ಒರಗಿ ಕೂತು ಉಜ್ಜಿ ಉಜ್ಜಿ ಅದಕ್ಕೆ ಹೊಳಪೇ ಬಂದಿರುತ್ತದೆ. ಕೊಳೆಯುವುದು ಪಕಾಸುಗಳ ತುದಿ, ಅಂದರೆ ಸೂರಿನ ಹೊರಗೆ ಚಾಚಿಕೊಂಡಿರುವ ಭಾಗ. ಆಮೇಲೆ ಸೂರಿನ ಹಲಗೆ. ಎರಡು ಮಾಡುಗಳು ಸೇರುವ ಮೂಲೆಯಲ್ಲಿ ನೀರು ಹರಿಯಲು ಇಟ್ಟ ತಗಡಿನ ದೋಣಿಯ ಕೆಳಗಿನ ಮರ. ಮಾಡಿನ ನೆತ್ತಿಯ ತೊಲೆ. ಇವೆಲ್ಲವೂ ನೆಲದಿಂದ ಕೈಗೆ ಎಟುಕದ ಜಾಗಗಳೇ.

ಇದಕ್ಕೆ ಕಾರಣ ಮರದ ಗುಣದಲ್ಲೇ ಇದೆ. ಮರವೆಂದರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಬೇರಿನಿಂದ ಎಲೆಗೆ ನೀರು ಸಾಗಿಸಲು ಆದ ಕೊಳವೆಗಳು ಅವು. ಮರ ಕಡಿದು ಪಕಾಸು ಮಾಡಿದ ಮೇಲೂ ಕೊಳವೆ ಕೊಳವೆಯೇ. ಹಲಗೆಯ ಬೆನ್ನ ಮೇಲೆ ಬಿದ್ದ ನೀರು ಜಾರಿ ಹೋಗಬಹುದು, ಆದರೆ ಕತ್ತರಿಸಿದ ತುದಿಗೆ ತಾಗಿದ ನೀರನ್ನು ಮರ ಹೀರಿಕೊಳ್ಳುತ್ತದೆ. ಮರದ ತೇವ ಶೇ 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರಕ್ಕೆ ಬದುಕುವುದು ಕಷ್ಟ. ಅದಕ್ಕಿಂತ ಮೇಲೇರಿ ವಾರಗಟ್ಟಲೆ ಹಾಗೇ ನಿಂತರೆ ಶಿಲೀಂಧ್ರಕ್ಕೆ ಹಬ್ಬ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಸಕಲೇಶಪುರದಲ್ಲಿ, ಅದಕ್ಕೂ ಎಷ್ಟೋ ಹೆಚ್ಚು ಸುರಿಯುವ ಹೆತ್ತೂರು, ಬಿಸಿಲೆ ಕಡೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ತುದಿ ಒಣಗುವುದೇ ಇಲ್ಲ. ಒಂದೇ ಒಂದು ಹೆಂಚು ಜರುಗಿದ್ದರೂ ಸಾಕು, ನಾಲ್ಕು ತಿಂಗಳು ಒಂದೇ ಪಕಾಸಿನ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ. ಕೆಳಗೆ ಮುಚ್ಚಿಗೆ ಇರುವ ಮನೆಯಾದರೆ ಗೊತ್ತೂ ಆಗುವುದಿಲ್ಲ.

ಭಾರದ ಲೆಕ್ಕವನ್ನೂ ನೋಡಿ. ಮಂಗಳೂರು ಹೆಂಚು ಒಂದಕ್ಕೆ ಎರಡರಿಂದ ಮೂರು ಕಿಲೊ. ನೂರು ಚದರಡಿ ಮಾಡಿಗೆ ಸುಮಾರು 140-150 ಹೆಂಚು ಬೇಕು. ಅಂದರೆ ಮುನ್ನೂರು ಕಿಲೊಗೂ ಮೇಲೆ. ಮಳೆಯಲ್ಲಿ ನೆನೆದರೆ ಇನ್ನಷ್ಟು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟ ಹತ್ತಿ ಬಂದ ಈ ಹೆಂಚು ನಮ್ಮ ಹುಲ್ಲಿನ ಮಾಡುಗಳ ಜಾಗ ಹಿಡಿಯಿತು. ಈ ಭಾರವನ್ನು ಅಷ್ಟು ವರ್ಷ ಹೊತ್ತು ನಿಂತಿರುವುದು ಹಲಸು, ಹೊನ್ನೆ, ಮತ್ತಿ, ಬೀಟೆಯ ಮರ. ಒಳಗೇ ಟೊಳ್ಳಾದ ಪಕಾಸು ಹೆಂಚಿನ ಭಾರವನ್ನು ಹೇಗೋ ತಡೆದುಕೊಂಡಿರುತ್ತದೆ. ಅದರ ಮೇಲೆ ಅರವತ್ತು ಕಿಲೊ ತೂಕದ ಮನುಷ್ಯ ಕಾಲಿಟ್ಟಾಗ ಏನಾಗುತ್ತದೆ? ರಿಪೇರಿ ಬೇಕಾದ ಮಾಡೇ ಹತ್ತಲು ಅತಿ ಅಪಾಯದ ಮಾಡು. ಈ ಕೆಲಸದ ಮೂಲ ಸಮಸ್ಯೆ ಇದು.

ನಮ್ಮ ಕಡೆ ಮಾಡು ಹತ್ತುವವರು ಯಾರು? ಹೆಚ್ಚಿನ ಕಡೆ ಮೆಣಸು ಕೊಯ್ಯುವವರೇ. ಒಂಟಿ ಬಿದಿರಿನ ಏಣಿಯನ್ನು ಸಿಲ್ವರ್ ಮರಕ್ಕೆ ಒರಗಿಸಿ ಮೂವತ್ತು ಅಡಿ ಮೇಲೆ ನಿಂತು ಬಳ್ಳಿಯಿಂದ ಗೊನೆ ಬಿಡಿಸುವವರು. ‘ಅವನಿಗೇನು, ಮರ ಹತ್ತೋನಿಗೆ ಮಾಡು ಯಾವ ಲೆಕ್ಕ’ ಎಂದು ಕರೆಸಿಕೊಳ್ಳುತ್ತೇವೆ. ಲೈನ್ ಮನೆಗಳ ಹಿರಿಯರಿಗೆ ವಯಸ್ಸಾಯಿತು, ಅವರ ಮಕ್ಕಳು ಬೆಂಗಳೂರು ಸೇರಿದರು. ಈಗ ಅಸ್ಸಾಂ ಕಡೆಯಿಂದ ಬಂದ ಹುಡುಗರನ್ನೂ ಹತ್ತಿಸುತ್ತೇವೆ. ಮರ ಹತ್ತುವುದಕ್ಕೂ ಮಾಡು ಹತ್ತುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಹಸಿ ಮರದ ಕೊಂಬೆ ಬಾಗುತ್ತದೆ, ಮುರಿಯುವ ಮುಂಚೆ ಸೂಚನೆ ಕೊಡುತ್ತದೆ. ಗೆದ್ದಲು ತಿಂದ ರೀಪು ಹೊರಗಿನಿಂದ ಗಟ್ಟಿಯಾಗೇ ಕಂಡು ಕಾಲಡಿಯಲ್ಲಿ ಪುಡಿಯಾಗುತ್ತದೆ. ಪಾಚಿ ಹಿಡಿದ ಹೆಂಚು ಒಂದು ಹನಿ ಮಳೆಗೆ ಸೋಪಿನಂತೆ ಜಾರುತ್ತದೆ. ಸೂರಿನ ಕೆಳಗೆ ಕಣಜದ ಗೂಡಿದ್ದರಂತೂ ಏಣಿಯ ಮೇಲಿದ್ದವನಿಗೆ ಎರಡೂ ಕೈ ಬಿಡುವುದೊಂದೇ ದಾರಿ.

ಎರಡು ವರ್ಷದ ಹಿಂದೆ ನಮ್ಮೂರ ಪಕ್ಕದ ಒಂದು ಮನೆಯಲ್ಲಿ ಸೂರಿನ ಹಲಗೆ ಉಜ್ಜುತ್ತಿದ್ದವರೊಬ್ಬರು ಬಿದ್ದರು. ನಾವೆಲ್ಲ ಅಣ್ಣ ಎಂದು ಕರೆಯುವವರು. ನಾನು ಚಿಕ್ಕವನಿದ್ದಾಗಿನಿಂದ ನಮ್ಮ ಮನೆಯ ಮಾಡಿಗೂ ಅವರೇ ಬರುತ್ತಿದ್ದರು. ಎತ್ತರ ಬಹಳವೇನಲ್ಲ, ಹದಿನೈದು ಅಡಿ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಈಗ ಅವರು ತೋಟದ ಗೇಟು ಕಾಯುತ್ತಾರೆ. ಮಗಳು ಪಿಯುಸಿ ಆದಮೇಲೆ ಓದು ನಿಲ್ಲಿಸಿ ಸಕಲೇಶಪುರದ ಬಟ್ಟೆ ಅಂಗಡಿಗೆ ಹೋಗುತ್ತಿದ್ದಾಳೆ. ಮನೆಯವರು ಆಸ್ಪತ್ರೆ ಖರ್ಚಿನಲ್ಲಿ ಒಂದಷ್ಟು ಕೊಟ್ಟರು, ಕೆಟ್ಟ ಜನ ಏನೂ ಅಲ್ಲ. ಆ ಸೂರಿನ ಹಲಗೆ ಮಾತ್ರ ಇವತ್ತಿಗೂ ಅರ್ಧ ಉಜ್ಜಿದ ಹಾಗೇ ಇದೆ. ಆ ಮನೆಗೆ ಆಮೇಲೆ ಯಾರೂ ಹತ್ತಲು ಒಪ್ಪಿಲ್ಲ.

ಹದಿನೈದು ಅಡಿ ಎಂದರೆ ಎಷ್ಟು ಎಂದು ನಾನು ಹಾಳೆ ಮೇಲೆ ಲೆಕ್ಕ ಹಾಕಿ ನೋಡಿದೆ. ಪಿಯುಸಿ ಭೌತಶಾಸ್ತ್ರದ ಸೂತ್ರ ಸಾಕು. ನೆಲ ಮುಟ್ಟಲು ಒಂದು ಸೆಕೆಂಡಿಗಿಂತ ಕಡಿಮೆ ಸಮಯ. ಆಗ ವೇಗ ಗಂಟೆಗೆ ಸುಮಾರು 34 ಕಿಲೊಮೀಟರ್. ಅಷ್ಟು ವೇಗದ ಬೈಕಿನಿಂದ ಬಿದ್ದರೆ ಏನಾದೀತು ಎಂದು ನಮಗೆ ಗೊತ್ತು, ಅದಕ್ಕೇ ಹೆಲ್ಮೆಟ್ ಹಾಕುತ್ತೇವೆ, ಹಾಕದಿದ್ದರೆ ಪೊಲೀಸರು ಹಿಡಿಯುತ್ತಾರೆ. ಸೂರಿಗೆ ಪೊಲೀಸರಿಲ್ಲ. ಮೇಲಾಗಿ ಹೆತ್ತೂರು ಕಡೆಯ ತೋಟದಿಂದ ಸಕಲೇಶಪುರಕ್ಕೆ ಬರುವುದೇ ದೂರ, ಅಲ್ಲಿಂದ ಹಾಸನಕ್ಕೆ ಮತ್ತೆ 40 ಕಿಲೊಮೀಟರ್.

ಹಾಗಾದರೆ ಮಾಡಬೇಕಾದ್ದೇನು? ಇದಕ್ಕೆ ರಾಕೆಟ್ ತಂತ್ರಜ್ಞಾನ ಬೇಕಿಲ್ಲ. ಸಾರುವೆ ಮತ್ತು ಏಣಿಗಳ ಸುರಕ್ಷತೆಗೆ ನಮ್ಮ ದೇಶದ್ದೇ ಮಾನಕ ಇದೆ, ಐಎಸ್ 3696. ಸುರಕ್ಷತಾ ಬೆಲ್ಟ್ ಮತ್ತು ಹಾರ್ನೆಸ್‌ಗೆ ಐಎಸ್ 3521. ಅಲ್ಲಿರುವ ವಿವೇಕವನ್ನು ಅಂಗಳದ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಏಣಿ ನಾಲ್ಕು ಅಡಿ ಮೇಲೇರಿದರೆ ಬುಡ ಒಂದು ಅಡಿ ಹೊರಗಿರಬೇಕು. ಹನ್ನೆರಡು ಅಡಿ ಎತ್ತರಕ್ಕೆ ಗೋಡೆಯಿಂದ ಮೂರು ಅಡಿ. ಏಣಿಯ ತುದಿ ಸೂರಿಗಿಂತ ಮೂರು ಅಡಿಯಾದರೂ ಮೇಲೆ ಚಾಚಿರಬೇಕು, ಇಳಿಯುವಾಗ ಹಿಡಿಯಲು ಏನಾದರೂ ಬೇಕಲ್ಲ. ಸೂರಿನ ಹಲಗೆಗೇ ಏಣಿ ಒರಗಿಸಬಾರದು, ಕೊಳೆತಿರಬಹುದು ಎಂದು ನಾವೇ ಅನುಮಾನ ಪಟ್ಟ ಹಲಗೆ ಅದು. ಕರೆಂಟು ಕಂಬದಿಂದ ಮನೆಗೆ ಬರುವ ತಂತಿಯ ಪಕ್ಕ ಅಲ್ಯೂಮಿನಿಯಂ ಏಣಿ ಎತ್ತುವ ಮುಂಚೆ ಸೆಸ್ಕ್ ಲೈನ್‌ಮನ್‌ಗೆ ಹೇಳಿ ಲೈನು ತೆಗೆಸಬೇಕು.

ಮಾಡಿನ ಮೇಲೆ ಹೋಗಲೇಬೇಕಾದರೆ ಹೆಂಚಿನ ಮೇಲೆ ನೇರ ಕಾಲಿಡುವ ಬದಲು, ನೆತ್ತಿಗೆ ಕೊಕ್ಕೆ ಹಾಕಿ ಮಲಗಿಸಿದ ಏಣಿಯ ಮೇಲೆ ನಡೆಯಬೇಕು. ಆಗ ಮನುಷ್ಯನ ಭಾರ ಒಂದೇ ರೀಪಿನ ಮೇಲೆ ಬೀಳದೆ ನಾಲ್ಕಾರು ಕಡೆ ಹಂಚಿಹೋಗುತ್ತದೆ, ಹೆಂಚೂ ಒಡೆಯುವುದಿಲ್ಲ. ಹಗ್ಗವನ್ನು ರೀಪಿಗೋ ದೋಣಿಗೋ ಕಟ್ಟಿದರೆ ಅದು ಬರೀ ಸಮಾಧಾನಕ್ಕೆ. ಬೀಳುವ ದೇಹವನ್ನು ತಡೆಯುವ ಆ ಒಂದು ಕ್ಷಣ ಹಗ್ಗದ ಮೇಲೆ ಬೀಳುವ ಎಳೆತ ದೇಹದ ತೂಕದ ಹಲವು ಪಟ್ಟು ಇರುತ್ತದೆ. ಹಗ್ಗವನ್ನು ಮಾಡಿನ ನೆತ್ತಿ ದಾಟಿಸಿ, ಉಜ್ಜದಂತೆ ಅಡಿಗೆ ಗೋಣಿ ಕೊಟ್ಟು, ಮನೆಯ ಆಚೆ ಬದಿಯ ದಪ್ಪ ಮರದ ಬುಡಕ್ಕೆ ಕಟ್ಟಬಹುದು. ಕಾಫಿ ತೋಟದ ಮನೆಗೆ ಮರಕ್ಕೇನು ಬರ? ಹಗ್ಗ ಸಡಿಲ ಬಿಡಬಾರದು. ಸೊಂಟಕ್ಕೆ ಸುತ್ತಬಾರದು, ಬಿದ್ದಾಗ ಅದು ಹೊಟ್ಟೆಯನ್ನೇ ಹಿಂಡುತ್ತದೆ. ತೊಡೆ, ಭುಜ ಎಲ್ಲ ಹಿಡಿಯುವ ಪೂರ್ತಿ ಹಾರ್ನೆಸ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಒಂದು ವಾರಾಂತ್ಯಕ್ಕೆ ಹೋಮ್‌ಸ್ಟೇಯ ಒಂದು ಕೋಣೆಗೆ ನಾವು ಪಡೆಯುವ ಬಾಡಿಗೆ ಅದು.

ಇನ್ನು ಉದ್ದನೆಯ ಕೆಲಸ ಇದ್ದರೆ, ಅಂದರೆ ಇಡೀ ಸೂರು ಉಜ್ಜಿ ಎಣ್ಣೆ ಹಚ್ಚುವುದಿದ್ದರೆ, ಏಣಿಯ ಮಾತೇ ಬೇಡ. ಸಾರುವೆ ಕಟ್ಟಿಸಿ. ಹಾಸನದಲ್ಲಿ ಕಬ್ಬಿಣದ ಸಾರುವೆ ದಿನದ ಬಾಡಿಗೆಗೆ ಸಿಗುತ್ತದೆ. ಏಣಿಯ ಮೇಲೆ ಒಂದು ಕೈ ಹಿಡಿದುಕೊಳ್ಳಲೇ ಬೇಕು, ಉಳಿದ ಒಂದು ಕೈಯಲ್ಲಿ ಆಗುವ ಕೆಲಸ ಅರ್ಧಂಬರ್ಧ. ಸಾರುವೆಯ ಹಲಗೆ ಮೇಲೆ ನಿಂತವನಿಗೆ ಎರಡೂ ಕೈ ಬಿಡುವು, ಕಣ್ಣಿಗೂ ಬಿಡುವು. ಪಕಾಸಿನ ತುದಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಟಣ್ ಎನ್ನುತ್ತದೋ ಬೊದ್ ಎನ್ನುತ್ತದೋ ಕೇಳಬಹುದು, ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಬಹುದು. ಮನುಷ್ಯನಿಗೆ ಯಾವುದು ಕ್ಷೇಮವೋ ಮರಕ್ಕೂ ಅದೇ ಒಳ್ಳೆಯದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇದರ ಉಲ್ಟಾ ಉದಾಹರಣೆಯೂ ನಮ್ಮ ಕಡೆ ಧಾರಾಳ. ಹತ್ತುವ ರಗಳೆ ಬೇಡವೆಂದು ನೆಲದಿಂದಲೇ ಪ್ರೆಶರ್ ವಾಷರ್ ಹಿಡಿಯುವುದು. ಕಾರು ತೊಳೆಯುವ ಯಂತ್ರ, ಮನೆಗೂ ಆದೀತು ಎಂಬ ಲೆಕ್ಕ. ಕಾರಿನ ಟೈರಿನೊಳಗೆ ಇರುವ ಒತ್ತಡ ಸುಮಾರು ಎರಡು ಬಾರ್. ಈ ಯಂತ್ರದಿಂದ ಬರುವ ನೀರಿನ ಒತ್ತಡ ನೂರು ಬಾರ್‌ಗೂ ಮೇಲೆ. ಬಿಸಿಲು ಮಳೆಗೆ ಬೂದಿ ಬಣ್ಣವಾದ ಹಳೇ ಹಲಗೆಗೆ ಅದು ತಾಗಿದರೆ ಕೊಳೆಯ ಜೊತೆ ಮರದ ಮೆದು ನಾರೂ ಕಿತ್ತು ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆದ ನೀರು ಹೆಂಚಿನ ಸಂದಿಗೆ ನುಗ್ಗಿ, ಮಳೆಗಾಲದಲ್ಲೂ ನೆನೆಯದ ಜಾಗ ನೆನೆಯುತ್ತದೆ. ನಮ್ಮ ಕಡೆಯ ಒಂದು ಹೋಮ್‌ಸ್ಟೇಯಲ್ಲಿ ಹೀಗೆ ತೊಳೆದು, ಒಣಗಲು ಎರಡು ದಿನವೂ ಬಿಡದೆ ಮೇಲೆ ಮಿರಮಿರ ವಾರ್ನಿಶ್ ಬಳಿದರು. ಫೋಟೊ ಚೆನ್ನಾಗಿ ಬಂತು. ಮುಂದಿನ ವರ್ಷ ವಾರ್ನಿಶ್ ಹಪ್ಪಳದಂತೆ ಎದ್ದು, ಅದರಡಿ ಮರ ಕಪ್ಪಗಾಗಿತ್ತು. ಒಳಗೆ ಉಳಿದ ನೀರಿಗೆ ಹೊರಬರಲು ದಾರಿಯನ್ನೇ ಮುಚ್ಚಿದರೆ ಇನ್ನೇನಾಗುತ್ತದೆ?

ಸರಿಯಾದ ಕ್ರಮ ನಿಧಾನದ್ದು. ಒಣ ಬ್ರಶ್‌ನಿಂದ ಜೇಡರಬಲೆ, ಧೂಳು, ಗೆದ್ದಲಿನ ಮಣ್ಣಿನ ಗೆರೆ ತೆಗೆಯಬೇಕು. ಗೆದ್ದಲಿನ ಗೆರೆ ಎಲ್ಲಿಂದ ಹತ್ತಿದೆ ಎಂದು ಬುಡದವರೆಗೆ ಹುಡುಕಬೇಕು. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ, ಮೆದು ಬ್ರಶ್‌ನಲ್ಲಿ ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ಲೀಚಿಂಗ್ ಬೇಡ, ಅದು ಬಣ್ಣದ ಜೊತೆಗೆ ನಾರನ್ನೂ ತಿನ್ನುತ್ತದೆ. ಆಮೇಲೆ ಕೆಲವು ದಿನ ಬಿಸಿಲಿಗೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಯಂತೆ ಮರದೊಳಕ್ಕೆ ಇಳಿಯುವ ಎಣ್ಣೆಯನ್ನು ತೆಳುವಾಗಿ ಹಚ್ಚಬೇಕು. ಕತ್ತರಿಸಿದ ತುದಿಗಳಿಗೆ ಎರಡು ಮೂರು ಸಲ, ನೀರು ಒಳಹೋಗುವ ಬಾಗಿಲೇ ಅದು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಾಳಿಯೊಡನೆ ಸೇರಿ ಬಿಸಿಯಾಗಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಹರವಿ ಒಣಗಿಸಿ.

ತುದಿ ಕೊಳೆತಿದೆ ಎಂದಾಕ್ಷಣ ಇಡೀ ಪಕಾಸು ತೆಗೆದು ಎಸೆಯುವುದೂ ತಪ್ಪು. ಕೊಳೆತ ಎರಡಡಿ ಮಾತ್ರ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಕಾಫಿ ಗಿಡಕ್ಕೆ ಕಸಿ ಕಟ್ಟುವ ಹಾಗೆ ಕೂರಿಸಿ ಬೋಲ್ಟು ಹಾಕುವ ಕೈಚಳಕ ಹಳೇ ಆಚಾರ್ರಿಗೆ ಗೊತ್ತಿದೆ. ಆ ವಯಸ್ಸಿನ ಬೀಟೆಯಾಗಲಿ ಹೆಬ್ಬಲಸಾಗಲಿ ಇವತ್ತು ಯಾವ ಅಂಗಡಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನ. ಆದರೆ ಆಚಾರ್ರು ಅರವತ್ತು ದಾಟಿದವರು. ಅವರನ್ನು ಏಣಿ ಹತ್ತಿಸಿ ಓರೆ ಜೋಡಣೆ ಮಾಡಿಸಲಾಗದು. ಸಾರುವೆ ಇದ್ದರೆ ಅವರೂ ಮೇಲೆ ಬಂದು ಕೂತು ಮಾಡುತ್ತಾರೆ, ಪಕ್ಕದಲ್ಲಿ ನಿಂತ ಹುಡುಗನೂ ಕಲಿಯುತ್ತಾನೆ.

‘ಇಷ್ಟೆಲ್ಲ ಯಾಕೆ, ಆರ್‌ಸಿಸಿ ಹಾಕಿಸಿಬಿಡಿ’ ಎನ್ನುವವರಿದ್ದಾರೆ. ಹಾಕಿಸಲೇಬೇಕಾದ ಸ್ಥಿತಿಗೆ ಬಂದ ಮನೆಗಳೂ ಇವೆ, ಒಪ್ಪುತ್ತೇನೆ. ಕೈಯಲ್ಲಿ ದುಡ್ಡಿಲ್ಲದ ಮನೆಯವರು ಹೆಂಚಿನ ಮೇಲೆ ತಗಡಿನ ಶೀಟು ಹೊದಿಸಿದರೆ ಅದನ್ನು ಆಡಿಕೊಳ್ಳುವ ಹಕ್ಕು ನಮಗಿಲ್ಲ. ಆದರೆ ಶೀಟು ಹೊದಿಸಿದ ಮೇಲೆ ಕೆಳಗಿನ ಮರವನ್ನು ಯಾರೂ ಇಣುಕಿ ನೋಡುವುದಿಲ್ಲ ಎಂಬುದೂ ನಿಜ. ಆರ್‌ಸಿಸಿ ಮನೆಗೂ ಸಜ್ಜಾ ಇದೆ, ಟ್ಯಾಂಕ್ ಇದೆ, ಪಾಚಿ ಇದೆ, ಅಲ್ಲಿಗೂ ಯಾರೋ ಹತ್ತಲೇಬೇಕು. ಸಾಮಗ್ರಿ ಬದಲಿಸಿದ ಮಾತ್ರಕ್ಕೆ ಹತ್ತುವವರ ಪ್ರಶ್ನೆ ಮುಗಿಯುವುದಿಲ್ಲ.

‘ನಮ್ಮಜ್ಜನ ಕಾಲದಲ್ಲಿ ಯಾವ ಹಗ್ಗ ಇತ್ತು?’ ಎನ್ನುವವರು ಇನ್ನೂ ಹೆಚ್ಚು. ಅಜ್ಜನ ಕಾಲದಲ್ಲಿ ಬಿದ್ದವರ ಲೆಕ್ಕ ಬರೆದಿಟ್ಟವರು ಯಾರು? ಆಗ ಮರವೂ ಎಳೆಯದು, ಪ್ರತಿವರ್ಷ ತಪ್ಪದೆ ಮಾಡು ಕೈಯಾಡಿಸುತ್ತಿದ್ದರು, ಕೈಗೊಬ್ಬರು ಆಳುಗಳಿದ್ದರು. ಈಗ ಐದಾರು ವರ್ಷ ಬಿಟ್ಟು ಒಮ್ಮೆ ಹತ್ತಿಸುತ್ತೇವೆ, ಅದೂ ಒಬ್ಬರನ್ನೇ, ಅದೂ ಮಳೆ ತಲೆ ಮೇಲೆ ಬಂದಾಗ. ಪರಂಪರೆ ಎಂದು ಹೆಂಚನ್ನು ಉಳಿಸಿಕೊಂಡೆವು, ಅದನ್ನು ನೋಡಿಕೊಳ್ಳುವ ಕ್ರಮವನ್ನು ಬಿಟ್ಟೆವು.

ಕ್ರಮ ಎಂದಾಗ ನನಗೆ ನಮ್ಮ ಜಿಲ್ಲೆಯ ಬೇಲೂರಿನ ತೇರು ನೆನಪಾಗುತ್ತದೆ. ತೇರೂ ಹೊರಗೆ ನಿಲ್ಲುವ ಮರದ ಕಟ್ಟಡವೇ, ಅದೂ ಎತ್ತರದ್ದೇ. ಅದನ್ನು ಯಾರೂ ‘ಮುಂದಿನ ವರ್ಷ ನೋಡೋಣ’ ಎನ್ನುವುದಿಲ್ಲ. ಚೈತ್ರದಲ್ಲಿ ಎಳೆಯಲೇಬೇಕು, ಹಾಗಾಗಿ ಅದಕ್ಕೆ ಮುಂಚೆ ನೋಡಲೇಬೇಕು. ತಿಥಿ ಗೊತ್ತು, ಕೆಲಸ ಗೊತ್ತು. ನಮ್ಮ ಸೂರುಗಳಿಗೂ ಇಂಥದ್ದೊಂದು ತಿಥಿ ಬೇಕು. ಮಲೆನಾಡಿನಲ್ಲಿ ಮರ ಅತಿ ಒಣಗಿರುವುದು ಶಿವರಾತ್ರಿಯಿಂದ ಯುಗಾದಿಯ ಹೊತ್ತಿಗೆ. ಎಣ್ಣೆ ಹೀರಿಕೊಳ್ಳಲು ಅದೇ ಸಕಾಲ. ಆದರೆ ಆಗ ಎಲ್ಲ ಕೈಗಳೂ ಮೆಣಸಿನಲ್ಲಿರುತ್ತವೆ. ಅದು ಮುಗಿಯುವಾಗ ಹೂಮಳೆ ಬಂದಿರುತ್ತದೆ, ಆಮೇಲೆ ಮೇ ತಿಂಗಳ ಗಡಿಬಿಡಿ, ಸಂಜೆಯ ಗುಡುಗು ಮಳೆ, ಒದ್ದೆ ಹೆಂಚು. ಅವಸರಕ್ಕೂ ಅಪಾಯಕ್ಕೂ ನಂಟು ಬೀಳುವುದು ಇಲ್ಲೇ. ಮಳೆ ನಿಂತ ನವೆಂಬರ್‌ನಲ್ಲಿ ಒಮ್ಮೆ ಕೆಳಗಿನಿಂದಲೇ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಸೂರಿನ ಫೋಟೊ ತೆಗೆದಿಟ್ಟುಕೊಂಡರೂ ಎಷ್ಟೋ ಅನುಕೂಲ. ಯಾವ ತುದಿ ಕಪ್ಪಗಾಗಿದೆ, ಯಾವ ಹೆಂಚು ಜಾರಿದೆ ಎಂದು ಪಟ್ಟಿ ಮಾಡಿ, ಮಾರ್ಚ್‌ನ ನಾಲ್ಕು ದಿನ ಮೊದಲೇ ಮಾತಾಡಿ ಇಟ್ಟುಕೊಳ್ಳಬಹುದು. ಹತ್ತುವ ಸಲಗಳೇ ಕಡಿಮೆಯಾಗುತ್ತವೆ.

ಉಡುಪಿಯ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದೆ. ಬೇರೆ ಬೇರೆ ಊರುಗಳಲ್ಲಿ ಬೀಳುವ ಸ್ಥಿತಿಯಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು, ತುಂಡು ತುಂಡು ಜೋಡಿಸಿ ಅಲ್ಲಿ ನಿಲ್ಲಿಸಿದ್ದಾರೆ. ಮುಧೋಳದ ದರ್ಬಾರ್ ಹಾಲ್, ಕುಕನೂರಿನ ಕಮಲ್ ಮಹಲ್ ಎಲ್ಲ ಅಲ್ಲಿವೆ. ಒಬ್ಬ ವ್ಯಕ್ತಿಯ ಹಟ ಎಷ್ಟು ಮರವನ್ನು ಉಳಿಸಬಲ್ಲದು ಎನ್ನುವುದಕ್ಕೆ ಅದು ಸಾಕ್ಷಿ. ಆದರೆ ಎಲ್ಲ ಮನೆಗಳನ್ನೂ ಮಣಿಪಾಲಕ್ಕೆ ಒಯ್ಯಲಾಗದು. ಜನ ವಾಸ ಇರುವ, ಒಲೆ ಹೊಗೆಯಾಡುವ, ಅಂಗಳದಲ್ಲಿ ಕಾಫಿ ಒಣಗುವ ಮನೆಗಳು ಇದ್ದಲ್ಲೇ ಉಳಿಯಬೇಕು. ಅದಕ್ಕೆ ವರ್ಷ ವರ್ಷ ಯಾರಾದರೂ ಹತ್ತುತ್ತಲೇ ಇರಬೇಕು.

ಹತ್ತುವವರಿಗೆ ಕಾನೂನಿನ ಆಸರೆ ಇದೆಯೇ? ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ ಹೊಸ ಕಟ್ಟಡದ ಜೊತೆಗೆ ದುರಸ್ತಿ, ನಿರ್ವಹಣೆಯನ್ನೂ ಕಟ್ಟಡ ಕೆಲಸ ಎಂದೇ ಗುರುತಿಸಿತು. ಆದರೆ ಅದು ಅನ್ವಯವಾಗುವಂತೆ ಬರೆದದ್ದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ. ನಮ್ಮ ಮಾಡಿನ ಕೆಲಸಕ್ಕೆ ಬರುವವರು ಇಬ್ಬರು, ಹೆಚ್ಚೆಂದರೆ ಮೂವರು. ಹೀಗಾಗಿ ಹಗ್ಗ ಕೊಡಿ ಎಂದು ನಮ್ಮನ್ನು ಕೇಳಲು ಯಾವ ಅಧಿಕಾರಿಯೂ ಬರುವುದಿಲ್ಲ. ಆದರೂ ಅವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿದ ಆಧಾರ ಬೇಕು. ಆ ಕಾಗದಕ್ಕೆ ಸಹಿ ಹಾಕುವುದು ಕೆಲಸ ಕೊಟ್ಟ ನಮ್ಮ ಕೈಯಲ್ಲೇ ಇದೆ. ಇನ್ನೂ ಸುಲಭದ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಬ್ಯಾಂಕ್ ಖಾತೆ ಇದ್ದು 18ರಿಂದ 70 ವರ್ಷದೊಳಗಿನವರಾಗಿದ್ದರೆ, ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷ ರೂಪಾಯಿಯ ಅಪಘಾತ ವಿಮೆ. ಎರಡು ಲಕ್ಷ ಒಂದು ಸಂಸಾರಕ್ಕೆ ಏನೂ ಅಲ್ಲ, ನಿಜ. ಆದರೆ ಹೆಂಚಿಗೆ, ಎಣ್ಣೆಗೆ, ಬ್ರಶ್‌ಗೆ ಸಾವಿರಾರು ಖರ್ಚು ಮಾಡುವ ನಾವು ಆ 20 ರೂಪಾಯಿಯ ಫಾರಂ ತುಂಬಿಸಿದ್ದೇವೆಯೇ?

ಒಂದೊಂದು ಮನೆಯೂ ಇಡೀ ಸಲಕರಣೆ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಮದುವೆಗೆ ಊರಿನ ಪಾತ್ರೆ, ಜಮಖಾನ ಬಾಡಿಗೆಗೆ ತರುವ ಹಾಗೆ, ಎರಡು ಒಳ್ಳೆಯ ಏಣಿ, ಕೊಕ್ಕೆಯ ಏಣಿ, ಎರಡು ಹಾರ್ನೆಸ್, ಹಗ್ಗ, ಹೆಲ್ಮೆಟ್ ಸಹಕಾರ ಸಂಘದಲ್ಲೋ ಪಂಚಾಯ್ತಿಯಲ್ಲೋ ಸ್ತ್ರೀಶಕ್ತಿ ಸಂಘದಲ್ಲೋ ಇರಲಿ. ದಿನಕ್ಕಿಷ್ಟು ಎಂದು ಬಾಡಿಗೆ ಇಡಲಿ. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನಮ್ಮಂಥವರು ಎನ್ಎಸ್ಎಸ್ ಶಿಬಿರಗಳಿಗೆ ಹಳ್ಳಿಗಳಿಗೆ ಹೋಗುತ್ತೇವೆ. ರಸ್ತೆ ಗುಡಿಸುವ ಜೊತೆಗೆ ಒಂದು ದಿನ ಹಗ್ಗ ಕಟ್ಟುವ, ಮರ ತಟ್ಟಿ ನೋಡುವ ತರಬೇತಿ ಇರಲಿ. ಕಲಿಸುವವರಾಗಿ ಹೋಗಬೇಕಿಲ್ಲ. ಮೂವತ್ತು ವರ್ಷ ಮಾಡು ಹತ್ತಿದವರಿಗೆ ಯಾವ ಹೆಂಚು ಜಾರುತ್ತದೆಂದು ನಮಗಿಂತ ಚೆನ್ನಾಗಿ ಗೊತ್ತು, ಹಗ್ಗಕ್ಕೆ ಎಷ್ಟು ಬಲ ಬೇಕೆಂದು ನಮಗೆ ಗೊತ್ತು. ಇಬ್ಬರೂ ಒಂದು ಅಂಗಳದಲ್ಲಿ ಕೂತರೆ ಸಾಕು. ಮರದ ಬಗ್ಗೆಯೇ ಕೇಳಬೇಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ.

ಮನೆ ರಿಪೇರಿ ಮಾಡಿಸುವಾಗಲೇ ಮುಂದಿನ ಸಲ ಹತ್ತುವವರನ್ನು ನೆನೆಯುವುದು ಇನ್ನೂ ಒಳ್ಳೆಯದು. ನೆತ್ತಿಯ ಗಟ್ಟಿ ತೊಲೆಗೆ ಎರಡು ಬಲವಾದ ಕಬ್ಬಿಣದ ಬಳೆ ಹಾಕಿಸಿಟ್ಟರೆ ಇಪ್ಪತ್ತು ವರ್ಷ ಹಗ್ಗಕ್ಕೆ ಜಾಗ ಹುಡುಕಬೇಕಿಲ್ಲ. ಸೂರಿನ ಕೆಳಗೆ ಹೂಕುಂಡ, ಕಲ್ಲಿನ ಬೆಂಚು ಇಡುವ ಬದಲು ಏಣಿ ನಿಲ್ಲಿಸಲು ಸಮತಟ್ಟು ಜಾಗ ಬಿಡಬಹುದು.

ಕೊನೆಯದಾಗಿ ಕೂಲಿಯ ಮಾತು. ಮಾಡಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಬೇಗ ಮುಗಿಸಿದಷ್ಟೂ ಅವರಿಗೆ ಲಾಭ, ಹಗ್ಗ ಬಿಚ್ಚಿ ಕಟ್ಟುತ್ತಾ ಕೂತರೆ ನಷ್ಟ. ಹಾಗಾಗಿ ನಾವೇ ಕೊಟ್ಟ ಹಗ್ಗವೂ ಮೂಲೆಗೆ ಬೀಳುತ್ತದೆ. ಈ ಕೆಲಸಕ್ಕೆ ದಿನಗೂಲಿಯೇ ಸರಿ, ಅದೂ ನೆಲದ ಕೆಲಸಕ್ಕಿಂತ ಹೆಚ್ಚಿನ ದರದಲ್ಲಿ, ಕೆಳಗೆ ಹಗ್ಗ ಹಿಡಿದು ನಿಲ್ಲುವ ಇನ್ನೊಬ್ಬರಿಗೂ ಸೇರಿಸಿ. ಮಧ್ಯಾಹ್ನ ಮೋಡ ಕಟ್ಟಿ ನಾಲ್ಕು ಹನಿ ಬಿದ್ದರೆ ‘ಇನ್ನೊಂದು ಸಾಲು ಮುಗಿಸಿಬಿಡು ಮಾರಾಯ’ ಎನ್ನಬೇಡಿ. ಇಳಿದು ಬಾ ಎನ್ನಿ, ಕಾಫಿ ಕೊಡಿ, ಆ ದಿನದ ಪೂರ್ತಿ ಕೂಲಿಯನ್ನೂ ಕೊಡಿ.